ಮಧ್ಯಾಹ್ನ ಮೂರು ಗಂಟೆಯ ಪಾಂಡಿಂಗ್ ಟೆಸ್ಟ್

ಮುಂಬಯಿಯ ಫೋರ್ಟ್ ಭಾಗದ ಹಳೆಯ ಕಟ್ಟಡವೊಂದರ ಮುಂದಿನ ಕಾಲುದಾರಿಯಲ್ಲಿ, ಎರಕದ ಕಬ್ಬಿಣದ ಚೌಕಟ್ಟಿಗೆ ದಪ್ಪ ಗಾಜಿನ ಬಿಲ್ಲೆಗಳನ್ನು ಕೂರಿಸಿದ ಬೆಳಕಿಂಡಿಗಳಿದ್ದವು. ಅವುಗಳ ಕೆಳಗೆ ನೆಲಮಾಳಿಗೆಯ ದಾಖಲೆ ಕೋಣೆಯಿತ್ತು. ಮಳೆಗಾಲಕ್ಕೆ ಮೊದಲು ಸೋರಿಕೆ ನಿಲ್ಲಿಸುವ ಕೆಲಸ ನಮ್ಮ ಪಾಲಿಗೆ ಬಂತು. ಕೆಲಸದ ಬಾಬು-ಪ್ರಮಾಣಗಳ ಪಟ್ಟಿಯಾದ ಬಿಒಕ್ಯುನಲ್ಲಿ ಇದ್ದುದು ಗಾಜು ಮತ್ತು ಸಂದು ತುಂಬುವ ಸಿಮೆಂಟ್ ಗ್ರೌಟ್ ಮಾತ್ರ. ಸಂದಿನಲ್ಲಿ ನೀರು ಇಳಿಯದಂತೆ ಮುಚ್ಚುವ ಸೀಲಂಟ್ ಬೇಕೆಂದು ನಾನು ಬರೆದ ಎರಡು ಮೇಲ್‌ಗಳಿಗೆ ಕಚೇರಿ ಕೊಟ್ಟ ಉತ್ತರ, ಆದಷ್ಟು ಕೆಲಸಕ್ಕೆ ಹಣ ಕೇಳುವ ಮುಂದಿನ ಆರ್‌ಎ ಬಿಲ್ ಯಾವಾಗ ಎಂಬ ಪ್ರಶ್ನೆ.

ಇಂಥ ಬೆಳಕಿಂಡಿಗೆ ಥ್ಯಾಡಿಯಸ್ ಹಯಟ್ ಅಮೆರಿಕದಲ್ಲಿ 1845ರಲ್ಲೇ ಪೇಟೆಂಟ್ ಪಡೆದಿದ್ದ. ಕಬ್ಬಿಣದಂಶದಿಂದ ಬರುವ ಹಸಿರು ಛಾಯೆಯನ್ನು ಅಳಿಸಲು ಆ ಕಾಲದಲ್ಲಿ ಗಾಜಿಗೆ ಮ್ಯಾಂಗನೀಸ್ ಬೆರೆಸುತ್ತಿದ್ದರು. ದಶಕಗಟ್ಟಲೆ ಬಿಸಿಲಿನ ನೇರಳಾತೀತ ಕಿರಣ ತಗುಲಿದ ಮೇಲೆ ಅದೇ ಗಾಜು ನೇರಳೆ ಬಣ್ಣಕ್ಕೆ ತಿರುಗುತ್ತದೆ. ನಮ್ಮ ಸೈಟಿನಲ್ಲಿ ಅಂಥ ಒಂಬತ್ತು ಬಿಲ್ಲೆಗಳು ಉಳಿದಿದ್ದವು. ಅವುಗಳಿಗೆ ಏನೂ ಆಗಬಾರದು ಎಂಬುದು ಆರ್ಕಿಟೆಕ್ಟ್ ಮೇಡಂ ಅವರ ಒಂದೇ ಷರತ್ತಾಗಿತ್ತು.

ಒಣಗಿ ಪುಡಿಯಾಗಿದ್ದ ಹಳೆಯ ಪುಟ್ಟಿಯನ್ನು ಕೆರೆಸಿ, ಗಾಜು ಹಿಗ್ಗಲು ಕೂದಲೆಳೆಯಷ್ಟೂ ಜಾಗ ಬಿಡದೆ, ಸುತ್ತಲೂ ಗಟ್ಟಿ ಸಿಮೆಂಟ್ ಗ್ರೌಟ್ ತುಂಬಿಸಿದೆ. ಅದು ನನ್ನ ಮೊದಲ ತಪ್ಪು. ನಾಲ್ಕು ಗಂಟೆಗೆ ಕ್ಲೈಂಟ್ ಬರುವರೆಂದು ಮೇ ತಿಂಗಳ ಉರಿಬಿಸಿಲಿನಲ್ಲಿ, ಮೂರಕ್ಕೇ ಪಾಂಡಿಂಗ್ ಟೆಸ್ಟ್, ಅಂದರೆ ನೀರು ನಿಲ್ಲಿಸಿ ಸೋರಿಕೆ ನೋಡುವ ಪರೀಕ್ಷೆ, ಇಟ್ಟುಕೊಂಡದ್ದು ಎರಡನೆಯದು.

"ಸಾಹೇಬ್ರ, ಗಾಜು ಕಾದು ಹಂಚಾಗೇತ್ರಿ. ಸಂಜಿಕ ನೀರು ಬಿಡೂಣ್ರಿ," ಎಂದರು ವಿಜಯಪುರದ ಮೇಸ್ತ್ರಿ. ಇಷ್ಟು ದಪ್ಪ ಗಾಜಿಗೆ ಏನಾಗುತ್ತದೆ ಎಂದು ನಾನು ಪೈಪು ಬಿಡಿಸಿದೆ. ಗಾಜು ದಪ್ಪವಾದಷ್ಟೂ ಮೇಲ್ಮೈ ತಣ್ಣಗಾದಾಗ ಒಳಭಾಗ ಬಿಸಿಯಾಗಿಯೇ ಉಳಿಯುತ್ತದೆ, ಆ ಎಳೆತಕ್ಕೇ ಬಿರುಕು ಬಿಡುತ್ತದೆ ಎಂಬುದು ಕಾಲೇಜಿನಲ್ಲಿ ಓದಿದ ಪಾಠವಾದರೂ ಆ ಹೊತ್ತಿಗೆ ನೆನಪಾಗಲಿಲ್ಲ.

ನೀರು ಒಂದಂಗುಲ ಏರಿತ್ತು. ಹುರಿದ ಕಡಲೆ ಸಿಡಿದಂತೆ 'ಟಕ್' ಎಂಬ ಸಣ್ಣ ಸದ್ದು ಕೇಳಿಸಿತು. ಯಾರೂ ಮಾತಾಡಲಿಲ್ಲ. ಅರ್ಧ ನಿಮಿಷದ ಬಳಿಕ ಇನ್ನೊಂದು. ನಾನು ಮೊಣಕಾಲೂರಿ ಬಾಗಿ ನೋಡಿದರೂ ನೀರಿನ ಮೇಲಿನ ಬಿಸಿಲಿನ ಕೋರೈಕೆಯಲ್ಲಿ ಏನೂ ಕಾಣಲಿಲ್ಲ. ಬೆರಳಿಗೆ ಮಾತ್ರ ಬಿರುಕು ಸಿಕ್ಕಿತು. ಒಡೆದ ಎರಡೂ ನೇರಳೆಯವೇ. ಮೇಸ್ತ್ರಿ ಮಾತಿಲ್ಲದೆ ಹೋಗಿ ವಾಲ್ವ್ ಮುಚ್ಚಿದರು.

ಕೆಳಗಿಳಿದು ನೋಡಿದರೆ ಬಿರುಕುಗಳಿಂದ ಒಂದು ಹನಿಯೂ ಇಳಿದಿರಲಿಲ್ಲ. ನೀರು ತೊಟ್ಟಿಕ್ಕುತ್ತಿದ್ದುದು ಚೌಕಟ್ಟು ಗೋಡೆಗೆ ಕೂಡುವ ಸಂದಿನಿಂದ, ನಾನು ಎರಡು ಮೇಲ್ ಬರೆದು ಸುಮ್ಮನಾದ ಜಾಗದಿಂದ.

ಸೀಲಂಟ್ ಮರುದಿನವೇ ಬಂತು. ಆ ಎರಡು ಗುಂಡಿಗಳಲ್ಲಿ ಈಗ ಬಣ್ಣವಿಲ್ಲದ ಹೊಸ ಗಾಜಿದೆ. ಕೆಳಗಿನ ಕೋಣೆಯಲ್ಲಿ ನಿಂತು ತಲೆಯೆತ್ತಿದರೆ ಮೊದಲು ಕಣ್ಣಿಗೆ ಬೀಳುವುದು ಅವೇ.