ಹಿಟ್ ಪಾಯಿಂಟ್ ಹೋಗಿ ಹಿಟ್ಟು ಬಂತು

ಹದಿನೆಂಟು ಸೆಕೆಂಡು. ಮೂರು ವಾರ ಕೂತು ನಾನು ತಯಾರು ಮಾಡಿದ್ದ ರಾಕ್ಷಸ ಬದುಕಿದ್ದು ಅಷ್ಟೇ ಹೊತ್ತು.

ಲೆಕ್ಕ ಸುಲಭ. ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದಲ್ಲಿ ಹೊಡೆದಾಟದ ಒಂದು ಸುತ್ತು ಅಂದರೆ 6 ಸೆಕೆಂಡು. ಮೂರನೇ ಸುತ್ತು ಮುಗಿಯುವಷ್ಟರಲ್ಲಿ ನನ್ನ ಹಸ್ತರ್ ನೆಲಕ್ಕೆ ಬಿದ್ದಿದ್ದ. ಮೈಸೂರು ಭಾಕರವಡಿ ಬಾಯಿಗೆ ಹಾಕಿಕೊಳ್ಳುತ್ತಾ, "ಇಷ್ಟೇನಾ ಗುರು?" ಅಂದ.

ಮೈಸೂರು ಅಂದರೆ ಊರಲ್ಲ, ಗೆಳೆಯ. ಪುಣೆಯ ಕೋಥ್ರೂಡ್‌ನಲ್ಲಿರುವ ನನ್ನ ಮನೆಯಲ್ಲಿ ಭಾನುವಾರ ಸೇರುವ ನಾವು ಐದೂ ಜನ ಕನ್ನಡದವರು. ಒಬ್ಬರನ್ನೊಬ್ಬರು ಊರಿನ ಹೆಸರಿನಿಂದಲೇ ಕರೆಯುತ್ತೇವೆ. ಮೈಸೂರು, ಶಿರಸಿ, ವಿಜಯಪುರ, ಬಳ್ಳಾರಿ. ನಾನು ಗದಗ. ನಾನೇ ಡಿಎಂ. ಅಂದರೆ ಕಥೆ ಕಟ್ಟಿ ಹೇಳುವವನು, ಎದುರು ಬರುವ ದೆವ್ವ ಭೂತಗಳೆಲ್ಲಾ ಆಗುವವನು. ಉಳಿದ ನಾಲ್ವರು ಒಂದೊಂದು ಪಾತ್ರ ಹಿಡಿದು, ಏನು ಮಾಡುತ್ತೇವೆ ಅಂತ ಬಾಯಲ್ಲಿ ಹೇಳುತ್ತಾರೆ. ಆಗುತ್ತೋ ಇಲ್ಲವೋ ಅನ್ನುವುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ.

ಹಸ್ತರ್ ನನ್ನವನಲ್ಲ. 2018ರಲ್ಲಿ ಬಂದ 'ತುಂಬಾಡ್' ಸಿನಿಮಾದವನು. ದೇವಿಯ ಹೊಟ್ಟೆಯಲ್ಲಿ ಹುಟ್ಟಿದವನು. ಚಿನ್ನ ದೋಚಿದ, ಧಾನ್ಯಕ್ಕೆ ಕೈ ಹಾಕಿದಾಗ ಉಳಿದ ದೇವರುಗಳು ಬಿಡಲಿಲ್ಲ. ಅವತ್ತಿನಿಂದ ತೀರದ ಹಸಿವು. ಹಿಟ್ಟಿನ ಗೊಂಬೆ ತೋರಿಸಿದರೆ ಬರುತ್ತಾನೆ, ಹಿಟ್ಟಿನ ಗೆರೆಯೊಳಗೆ ನಿಂತವರನ್ನು ಮುಟ್ಟಲಾರ. ಅವನು ತಿನ್ನುವಷ್ಟರಲ್ಲಿ ಅವನ ಕಚ್ಚೆಯಿಂದ ಚಿನ್ನದ ನಾಣ್ಯ ಕೀಳಬೇಕು. ಮಹಾರಾಷ್ಟ್ರದ ಮಳೆಯಲ್ಲೇ ನಡೆಯುವ ಕಥೆ. ಹೊರಗೆ ಜುಲೈ ಮಳೆ. ಇವನನ್ನು ಬಿಟ್ಟು ಇನ್ಯಾರನ್ನು ತರಲಿ?

ಸಾಲ ತಂದ ರಾಕ್ಷಸ ಅಂತ ನನಗೆ ನಾಚಿಕೆಯೂ ಇರಲಿಲ್ಲ. 1974ರಲ್ಲಿ ಈ ಆಟವನ್ನು ಹೊರತಂದವರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್, ಅಂಗಡಿಯಲ್ಲಿ ಸಿಕ್ಕ ಅಗ್ಗದ ಪ್ಲಾಸ್ಟಿಕ್ ಆಟಿಕೆಗಳನ್ನೇ ಮೇಜಿನ ಮೇಲಿಟ್ಟು ರಾಕ್ಷಸ ಮಾಡಿದವರು. ಕಬ್ಬಿಣವನ್ನು ತುಕ್ಕು ಹಿಡಿಸುವ ರಸ್ಟ್ ಮಾನ್‌ಸ್ಟರ್ ಹುಟ್ಟಿದ್ದು ಹಾಗೆ.

ನಾನು ಮಾಡಿದ ತಪ್ಪು ಬೇರೆ. ಹಸ್ತರ್‌ಗೆ 120 ಹಿಟ್ ಪಾಯಿಂಟ್ ಕೊಟ್ಟೆ. ಅಂದರೆ ಅಷ್ಟು ಪೆಟ್ಟು ತಿನ್ನುವ ಜೀವ. ಉಗುರಿಗಿಷ್ಟು, ಹಲ್ಲಿಗಿಷ್ಟು ಅಂತ ಅಂಕಿ ಬರೆದೆ. ಅವನು ಒಬ್ಬ, ಅವರು ನಾಲ್ವರು. ಅವನು ಒಂದು ಸಲ ಕೈ ಎತ್ತುವಷ್ಟರಲ್ಲಿ ಇವರದು ನಾಲ್ಕು ಸಲ. ಶಿರಸಿಯ ಮಾಂತ್ರಿಕ ಎರಡು ಬೆಂಕಿಯುಂಡೆ ಎಸೆದ. ಒಂದೊಂದರ ಪೆಟ್ಟಿನ ಲೆಕ್ಕಕ್ಕೂ ಎಂಟೆಂಟು ದಾಳ. ಅದರ ಮೇಲೆ ಸಿನಿಮಾ ಎಲ್ಲರೂ ನೋಡಿದ್ದರು. ರಾಕ್ಷಸ ಬರುವ ಮೊದಲೇ ಹಿಟ್ಟಿನ ಗೆರೆ ಎಳೆದು, ಅದರೊಳಗೆ ಆರಾಮಾಗಿ ನಿಂತು ಸುಟ್ಟರು.

ಎಲ್ಲರೂ ಹೋದ ಮೇಲೆ ನಾನು ಮುಖ ಊದಿಸಿಕೊಂಡು ತಟ್ಟೆ ಎತ್ತುತ್ತಿದ್ದೆ. ಊರಿಂದ ಬಂದಿದ್ದ ಅವ್ವ ಕೇಳಿದಳು, "ಅಲ್ಲೋ, ಹೊತ್ತು ಮುಳುಗೂತನಾ ಹಿಟ್ಟಿನ ಪಾಯಿಂಟು, ಹಿಟ್ಟಿನ ಪಾಯಿಂಟು ಅಂತಿದ್ರಿ. ಹಿಟ್ಟಿಂದೇನ್ ಲೆಕ್ಕಾ ಅದು?"

ನಕ್ಕು, ಎಲ್ಲಾ ಬಿಡಿಸಿ ಹೇಳಿದೆ. ಅವಳಿಗೆ ಹೊಡೆದಾಟದಲ್ಲಿ ಆಸಕ್ತಿ ಬರಲಿಲ್ಲ. "ದೆವ್ವಕ್ಕ ಯಾರರ ಬಡೀತಾರೇನೋ?" ಅಂದು ಒಳಗೆ ಹೋದಳು.

ಆ ಮಾತು ರಾತ್ರಿಯಿಡೀ ಕೊರೆಯಿತು. ನಿಜ ಅಲ್ವಾ? 90ರ ದಶಕದಲ್ಲಿ ಬೆಂಗಳೂರಿನ ಕಡೆ ಜನ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದರು. ರಾತ್ರಿ ಬಂದ ದೆವ್ವ ಅದನ್ನು ಓದಿ ವಾಪಸ್ ಹೋಗುತ್ತಂತೆ. ಮರುದಿನ ಬಂದರೂ ಅದೇ ಬರಹ. ಆ ದೆವ್ವಕ್ಕೆ ಎಷ್ಟು ಹಿಟ್ ಪಾಯಿಂಟ್ ಅಂತ ಯಾರೂ ಕೇಳಲಿಲ್ಲ. ಅದಕ್ಕೊಂದು ನಿಯಮ ಇತ್ತು, ಅಷ್ಟೇ. ಬರೆಯಲು ಮರೆತರೆ ಏನಾಗುತ್ತೆ ಅನ್ನುವುದೇ ಭಯ. ಹಸ್ತರ್ ಕೂಡ ಇದೇ ಜಾತಿಯವನು. ಸಿನಿಮಾದಲ್ಲಿ ಹೆದರಿಸಿದ್ದು ಅವನ ತೋಳಿನ ಬಲ ಅಲ್ಲ, ಗೆರೆ. ಇನ್ನೊಂದು ನಾಣ್ಯ ತಗೊಂಡು ಹೊರಡೋಣ ಅನ್ನುವ ಆಸೆ.

ಹಾಗಾಗಿ ಹಿಟ್ ಪಾಯಿಂಟ್ ಪೂರ್ತಿ ಅಳಿಸಿದೆ. ಹೆಸರನ್ನೂ ಅಳಿಸಿದೆ. ಸಿನಿಮಾದಲ್ಲಿ ಅವನಿರುವ ದೇವಿಯ ಗರ್ಭದ ಬದಲು ನಮ್ಮ ಕಡೆಯ ಹಗೇವು ತಂದೆ. ಮನೆಯ ಮುಂದೆ ನೆಲದೊಳಗೆ ತೋಡಿ ಜೋಳ ತುಂಬಿಡುತ್ತಿದ್ದ ಗುಂಡಿ. ಬಾಯಿ ಸಣ್ಣದು, ಒಳಗೆ ಕೋಣೆಯಷ್ಟು ಜಾಗ. ಅಲ್ಲಿರುವವನನ್ನು ಊರಿನವರು 'ಹಗೇವಿನಾಂವ' ಅನ್ನುತ್ತಾರೆ, ಅಷ್ಟೇ. ಇದನ್ನು ಕೇಳಿದ ಮೇಲೆ ಅವ್ವ ಸರಿಯಾಗಿ ಕೂತಳು. "ಹಗೇವಿಗೆ ಹಂಗ ಇಳೀಬಾರದು. ಮೊದ್ಲ ದೀಪಾ ಇಳಿಬಿಡಬೇಕು. ಆರಿತಂದ್ರ ಒಳಗ ಗಾಳಿ ಇಲ್ಲಂತ. ದೀಪಾ ಬಿಡದ ಇಳದ್ರ ಮನಶಾ ಮ್ಯಾಲೆ ಬರಂಗಿಲ್ಲ." ಇದು ಕಟ್ಟುಕಥೆಯಲ್ಲ. ಮುಚ್ಚಿಟ್ಟ ಧಾನ್ಯ ಉಸಿರಾಡಿ ಒಳಗಿನ ಆಮ್ಲಜನಕ ತಿಂದುಹಾಕುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ನಾನು ಮೂರು ವಾರ ಹುಡುಕಿದರೂ ಸಿಗದ ನಿಯಮ ಅಡುಗೆಮನೆಯಲ್ಲಿ ಸಿಕ್ಕಿತು.

ಮುಂದಿನ ಭಾನುವಾರ ಖಡಕ್‌ವಾಸ್ಲಾ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು. ನದಿಯ ಮೇಲಿನ ಭಿಡೆ ಪೂಲ್ ಸೇತುವೆ ಮುಳುಗಿತ್ತು. ಶಿರಸಿ ಸುತ್ತಿ ಬಳಸಿ ಬರುವ ಹೊತ್ತಿಗೆ ಮುಕ್ಕಾಲು ಗಂಟೆ ತಡ. ಅಷ್ಟರಲ್ಲಿ ಅವ್ವ ಗೋಧಿಹಿಟ್ಟು ಕಲಸಿ ಎರಡು ಗೊಂಬೆ ಮಾಡಿ, ಒಂದಕ್ಕೆ ಕಣ್ಣಿಗೆಂದು ಕಾಳುಮೆಣಸು ಚುಚ್ಚಿದ್ದಳು. ಮೇಜಿನ ಮೇಲೆ ಒಂದು ವಾಟಿ ಹಿಟ್ಟು ಇಟ್ಟೆ. "ಚೆಲ್ಲಬ್ಯಾಡ್ರಿ ಮತ್ತ" ಅನ್ನುವುದು ಅವಳ ಷರತ್ತು. ಪಕ್ಕದಲ್ಲಿ ಹತ್ತು ರೂಪಾಯಿಯ ನಾಣ್ಯಗಳ ಗುಡ್ಡೆ. ನಿಜವಾದವು. ಬದುಕಿ ಮೇಲೆ ಬಂದವರು ಕಿತ್ತದ್ದನ್ನು ಮನೆಗೆ ಒಯ್ಯಬಹುದು.

ಹೊಸ ನಿಯಮ ಹೀಗಿತ್ತು. ಅವನಿಗೆ ಹೊಡೆದರೆ ಏನೂ ಆಗಲ್ಲ, ಹಸಿವು ಜಾಸ್ತಿಯಾಗುತ್ತೆ ಅಷ್ಟೇ. ಮೊದಲ ನಾಣ್ಯ ಕೀಳಲು ದಾಳದಲ್ಲಿ 5 ಅಥವಾ ಅದಕ್ಕಿಂತ ಜಾಸ್ತಿ ಬಿದ್ದರೆ ಸಾಕು. ಅವರೇ ಎರಡನೆಯದು ಕೀಳಬೇಕಾದರೆ 8, ಆಮೇಲೆ 11, ಆಮೇಲೆ 14. ತಪ್ಪಿದರೆ ಅವನು ಮುಟ್ಟಿಬಿಡುತ್ತಾನೆ. ಮುಟ್ಟಿಸಿಕೊಂಡವರು ಸಾಯುವುದಿಲ್ಲ. ಅವನ ಹಸಿವು ಅವರಿಗೆ ಬರುತ್ತದೆ.

ದೀಪ ಇಳಿಬಿಡುವುದು ಯಾರಿಗೂ ಹೊಳೆಯಲಿಲ್ಲ. ಮೈಸೂರು ನೇರವಾಗಿ ಇಳಿದ. "ತಲೆ ಭಾರ ಆಗ್ತಿದೆ, ಕಾಲು ನಿಲ್ತಿಲ್ಲ" ಅಂದೆ. ಅವನು ಕತ್ತಿ ಹಿರಿದು ಸುತ್ತ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಮೇಜಿನ ಸುತ್ತ ಮೊದಲ ಸಲ ಯಾರೂ ಮಾತಾಡಲಿಲ್ಲ. ಹಗ್ಗ ಹಿಡಿದು ಎಳೆದುಕೊಂಡರು ಅನ್ನಿ. ಆಮೇಲೆ ವಿಜಯಪುರ ಹಣೆ ಬಡಿದುಕೊಂಡ, "ಥೂ, ನಮ್ಮ ಮುತ್ಯಾ ಹೇಳಿದ್ದ ಇದನ್ನ."

ನಾಣ್ಯದ ಹೊತ್ತು ಬಂದಾಗ ಮಜಾ ನೋಡಬೇಕಿತ್ತು. ಬಳ್ಳಾರಿ ಬ್ಯಾಂಕಿನವಳು, ಲೆಕ್ಕದಲ್ಲಿ ಗಟ್ಟಿ. ಮೂರು ಕಿತ್ತಿದ್ದಳು. ನಾಲ್ಕನೆಯದಕ್ಕೆ 14 ಬೇಕು. "ಇಪ್ಪತ್ತರಲ್ಲಿ ಏಳೇ ಚಾನ್ಸು, ಯಾರಾದ್ರೂ ಹಾಕ್ತಾರಾ?" ಅಂತ ಅವಳೇ ಹೇಳಿ, ಅವಳೇ ದಾಳ ಹಾಕಿದಳು. 9. ಬರೀ ಹತ್ತು ರೂಪಾಯಿಗೆ! ಕಾಗದದ ಮೇಲಿನ ಚಿನ್ನ ಆಗಿದ್ದರೆ ಬಿಡುತ್ತಿದ್ದಳೋ ಏನೋ. ಕಣ್ಣ ಮುಂದಿನ ನಾಣ್ಯ ಬಿಡಲು ಆಗಲಿಲ್ಲ.

ಅಷ್ಟು ಹೊತ್ತಿಗೆ ಆಟದ ಲೆಕ್ಕದಲ್ಲಿ ಗೊಂಬೆ ಎರಡೂ ಮುಗಿದಿದ್ದವು. ಉಳಿದದ್ದು ಗೆರೆ ಎಳೆಯುವ ಹಿಟ್ಟು. ಶಿರಸಿ ಹೇಗಾದರೂ ಓಡೋಣ ಅಂದ. ವಿಜಯಪುರ ವಾಟಿ ಕೈಗೆ ತಗೊಂಡ.

"ಗೆರೆ ಅಳಸ್ತೀನಿ. ಇದ್ದ ಹಿಟ್ಟೆಲ್ಲಾ ನಾಕೂ ಕಡೆ ಚರಗಾ ಚೆಲ್ತೀನಿ. ಉಣ್ಣು ಅಂತೀನಿ."

ಮೈಸೂರಿಗೆ ಚರಗ ಗೊತ್ತಿರಲಿಲ್ಲ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಬುತ್ತಿ ಒಯ್ದು, ಪೂಜೆ ಮಾಡಿ, ಉಣ್ಣುವ ಮೊದಲು ಬೆಳೆಯ ಸುತ್ತ ಚೆಲ್ಲುತ್ತಾರೆ ಅಂತ ಹೇಳಿದೆವು. "ಹಿಟ್ಟು ಮುಗಿದರೆ ನಾವು ಸತ್ತಂಗೆ" ಅಂದ ಅವನು. ಸರಿಯಾದ ಮಾತೇ.

ನನ್ನ ಪುಸ್ತಕದಲ್ಲಿ ಇದಕ್ಕೆ ನಿಯಮ ಇರಲಿಲ್ಲ. ಎಷ್ಟು ಬೇಕು ಅಂತ ದಾಳ ಹಾಕಿಸಲಿ? ಹಾಳೆ ತಿರುವಿದೆ, ಸುಮ್ನೆ ಹೊತ್ತು ಕಳೆಯಲು. ಬಾಗಿಲಲ್ಲಿ ಅವ್ವ ನಿಂತಿದ್ದಳು. ಯಾವಾಗಿಂದ ಕೇಳುತ್ತಿದ್ದಳೋ. "ಉಣ್ಲಿ ಬಿಡೋ" ಅಂದಳು.

ದಾಳ ಹಾಕಿಸಲಿಲ್ಲ. ಅವನು ತಿಂದ ಅಂದೆ. ನೆಲ ನೆಕ್ಕಿ ತಿಂದ, ತಲೆ ಎತ್ತಲಿಲ್ಲ. ಕಚ್ಚೆಯಿಂದ ಆಮೇಲೆ ಒಂದು ನಾಣ್ಯವೂ ಬೀಳಲಿಲ್ಲ. ನಾಲ್ವರೂ ಮೇಲೆ ಬಂದರು.

"ನನ್ನ ಕಥೆ ಏನು?" ಅಂದಳು ಬಳ್ಳಾರಿ. ನಿನ್ನ ಹಸಿವು ನಿನ್ನ ಹತ್ತಿರವೇ ಇದೆ ಅಂದೆ. ಅವಳಿಗೆ ಸಿಟ್ಟು ಬಂತು. ಮೈಸೂರು ಇದೆಲ್ಲಾ ಚೀಟಿಂಗ್, ಊರಿನವರು ಊರಿನವರಿಗೇ ಸಪೋರ್ಟು ಅಂದ. ಅರ್ಧ ಗಂಟೆ ಜಗಳ. ನನ್ನ ತೀರ್ಪು ಬದಲಿಸಲಿಲ್ಲ, ಈಗಲೂ ಬದಲಿಸಲ್ಲ.

ಬಳ್ಳಾರಿಯ ಮೂರು ಬಿಟ್ಟು ಉಳಿದವರ ನಾಣ್ಯ ಎಣಿಸಿದರೆ ಏಳು. ಎಪ್ಪತ್ತು ರೂಪಾಯಿ. ವಡಾಪಾವ್‌ಗೆಂದು ಕೆಳಗಿಳಿದರೆ ಗಾಡಿಯವನು ತಗೊಳ್ಳಲೇ ಇಲ್ಲ. ಹತ್ತರ ನಾಣ್ಯ ನಡೆಯಲ್ಲವಂತೆ. ನಡೆಯುತ್ತೆ ಅಂತ ರಿಸರ್ವ್ ಬ್ಯಾಂಕು ಎಷ್ಟು ಸಲ ಹೇಳಿದರೂ ಇವರದು ಇದೇ ಹಾಡು. ಬಳ್ಳಾರಿ ಫೋನಿನಲ್ಲಿ ದುಡ್ಡು ಕೊಟ್ಟಳು. ಎರಡು ವಡಾಪಾವ್ ಜಾಸ್ತಿ ತಿಂದಳು, ನನ್ನ ಮುಖ ನೋಡಿಕೊಂಡೇ.

ಗೊಂಬೆಗಳನ್ನು ಚಪಾತಿ ಮಾಡಬಹುದಾ ಅಂತ ಅವ್ವನನ್ನು ಕೇಳಿದೆ. "ಎಲ್ಲಾರ ಕೈ ಮುಟ್ಟ್ಯಾವು, ಆಕಳಿಗೆ ಹಾಕು" ಅಂದಳು. ಬೆಳಿಗ್ಗೆ ಗುಡಿ ಮುಂದೆ ಕಟ್ಟಿದ್ದ ಆಕಳ ಮುಂದೆ ಇಟ್ಟೆ. ಒಂದನ್ನು ತಿಂದಿತು. ಕಾಳುಮೆಣಸಿನ ಕಣ್ಣಿನದನ್ನು ಮೂಸಿ, ಮುಖ ಆ ಕಡೆ ತಿರುಗಿಸಿತು.