ಕರೆಂಟ್ ಕೊಟ್ಟರೆ ಒಳ್ಳೆಯ ಕೋಶಗಳೂ ಸಾಯುವುದಿಲ್ಲವೇ?

ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ಸುತ್ತಮುತ್ತ ಕೊಠಡಿ ಹಿಡಿದು ತಿಂಗಳುಗಟ್ಟಲೆ ಉಳಿಯುವ ಹೊರ ಜಿಲ್ಲೆಗಳ ತಂದೆತಾಯಿಯರಿಗೆ ಮಗುವಿನ ವರದಿಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ಕೆಲಸವನ್ನು ನಾನು ಮಾಡುತ್ತಾ ಬಂದಿದ್ದೇನೆ. ನ್ಯೂರೋಬ್ಲಾಸ್ಟೋಮಾ ಎಂಬ ಕ್ಯಾನ್ಸರ್ ಗಡ್ಡೆ ಇರುವ ಮಕ್ಕಳ ಮನೆಯವರು ವಿಕಿರಣ ಚಿಕಿತ್ಸೆಯನ್ನು ಕರೆಂಟ್ ಎನ್ನುತ್ತಾರೆ. ಅವರು ಪದೇ ಪದೇ ಕೇಳುವುದು ಇದನ್ನೇ: "ಕರೆಂಟ್ ಕೊಟ್ಟರೆ ರೋಗದ ಮೇಲೆ ಹೋರಾಡುವ ಕೋಶಗಳೂ ಸಾಯುತ್ತವಂತೆ. ಹಾಗಿದ್ದ ಮೇಲೆ ಆ ಕೋಶಗಳ ಚಿಕಿತ್ಸೆಗೆ ಕರೆಂಟನ್ನು ಯಾಕೆ ಸೇರಿಸುತ್ತಾರೆ, ಮೇಡಂ?"

ಅವರ ಅನುಮಾನ ಸರಿಯಾದದ್ದು. ವಿಕಿರಣಕ್ಕೆ ಬಹುಬೇಗ ಬಲಿಯಾಗುವ ಕೋಶಗಳಲ್ಲಿ ಬಿಳಿ ರಕ್ತಕಣಗಳಾದ ಲಿಂಫೋಸೈಟುಗಳೂ ಸೇರಿವೆ. ಆದ್ದರಿಂದ ನನ್ನ ಉತ್ತರವೆಲ್ಲ ಸರದಿಯ ಮೇಲೆ ನಿಂತಿದೆ: ರೋಗದ ಮೇಲೆ ಹೋರಾಡುವ ಲಿಂಫೋಸೈಟುಗಳಾದ ಮಗುವಿನ ಟಿ ಕೋಶಗಳನ್ನು ಮೊದಲೇ ತೆಗೆದಿಟ್ಟುಕೊಳ್ಳಬೇಕು, ಆಮೇಲೆ ವಿಕಿರಣ, ಅದರ ನಂತರ ಆ ಕೋಶಗಳ ಮರಳಿಕೆ.

ಈ ಗಡ್ಡೆ ಹುಟ್ಟುವುದು ಭ್ರೂಣದಲ್ಲಿ ನರಗಳಾಗಿ ಬೆಳೆಯಬೇಕಿದ್ದ ಕೋಶಗಳಿಂದ; ಹೆಚ್ಚಾಗಿ 5 ವರ್ಷದೊಳಗಿನ ಮಕ್ಕಳಲ್ಲಿ, ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಯಲ್ಲಿ. ಅದರ ಕೋಶಗಳ ಮೈಮೇಲೆ ಜಿಡಿ2 ಎಂಬ ಗುರುತು ದಟ್ಟವಾಗಿರುತ್ತದೆ. ಕಾರ್-ಟಿ ಚಿಕಿತ್ಸೆಯಲ್ಲಿ ಮಗುವಿನ ಟಿ ಕೋಶಗಳಿಗೆ ಆ ಗುರುತನ್ನು ಹಿಡಿಯುವ ಶಕ್ತಿಯನ್ನು ಪ್ರಯೋಗಾಲಯದಲ್ಲಿ ಕೊಟ್ಟು ರಕ್ತಕ್ಕೆ ಮರಳಿಸುತ್ತಾರೆ. ರೋಮ್‌ನ ಮಕ್ಕಳ ಆಸ್ಪತ್ರೆಯೊಂದು 2023ರಲ್ಲಿ ಪ್ರಕಟಿಸಿದ ವರದಿಯಂತೆ, ಹೀಗೆ ಚಿಕಿತ್ಸೆ ಪಡೆದ 27 ಮಕ್ಕಳಲ್ಲಿ 17 ಮಂದಿಗೆ ಫಲ ಸಿಕ್ಕಿತು. 9 ಮಂದಿಯಲ್ಲಿ ರೋಗದ ಗುರುತೇ ಕಾಣದಾಯಿತು. ಆ ಪುಟವನ್ನು ಓದಿದ ದಿನ ನಾನು ಅತ್ತಿದ್ದೆ.

ಉಳಿದ ಮಕ್ಕಳಲ್ಲಿ ಏನು ಕೊರತೆಯಾಯಿತು ಎಂದು ಹುಡುಕುವಾಗಲೇ ವಿಕಿರಣದ ಮಾತು ಬರುತ್ತದೆ. ರಕ್ತದ ಕ್ಯಾನ್ಸರಿನಂತಲ್ಲದೆ, ಗಟ್ಟಿ ಗಡ್ಡೆಯೊಳಗೆ ಟಿ ಕೋಶಗಳು ನುಸುಳುವುದೇ ಕಷ್ಟ, ನುಸುಳಿದವುಗಳನ್ನು ಗಡ್ಡೆ ಮಂಕಾಗಿಸುತ್ತದೆ. ಉಳದ ಗಟ್ಟಿ ನೆಲಕ್ಕೆ ಬೀಜ ಚೆಲ್ಲಿದ ಹಾಗೆ ಎಂದರೆ ರಾಯಚೂರಿನ ರೈತರಿಗೆ ತಟ್ಟನೆ ಅರ್ಥವಾಗುತ್ತದೆ. ಹದವಾದ ಪ್ರಮಾಣದ ವಿಕಿರಣ ಬಿದ್ದಾಗ ಗಡ್ಡೆಯ ರಕ್ತನಾಳಗಳ ಒಳಮೈ ಟಿ ಕೋಶಗಳು ಅಂಟಿಕೊಳ್ಳುವಂತೆ ಬದಲಾಗುತ್ತದೆ, ಅವನ್ನು ಕರೆಯುವ ರಾಸಾಯನಿಕಗಳು ಹೊರಬರುತ್ತವೆ, ಒಡೆದ ಡಿಎನ್‌ಎ ಚೂರುಗಳು ದೇಹಕ್ಕೆ ಅಪಾಯದ ಸುಳಿವು ಕೊಡುತ್ತವೆ.

ಮೈಯೆಲ್ಲ ಹರಡಿದ ರೋಗಕ್ಕೆ ಹೊರಗಿನ ಕಿರಣ ಸಾಲದು. ಅಲ್ಲಿ ಎಂಐಬಿಜಿ ಎಂಬ ವಸ್ತುವಿಗೆ ವಿಕಿರಣಶೀಲ ಅಯೋಡಿನ್-131 ಜೋಡಿಸಿ ರಕ್ತನಾಳದ ಮೂಲಕ ಕೊಡುತ್ತಾರೆ. ನರಕೋಶಗಳು ಬಳಸುವ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕವನ್ನು ಹೋಲುವ ಅದನ್ನು ಗಡ್ಡೆಯ ಕೋಶಗಳು ತಾವಾಗಿ ಒಳಗೆಳೆದುಕೊಳ್ಳುತ್ತವೆ. ಈ ಅಯೋಡಿನ್ನಿನ ಅರ್ಧಾಯುಷ್ಯ ಸುಮಾರು 8 ದಿನ. ಅದು ಕುಗ್ಗುವ ಮೊದಲೇ ಟಿ ಕೋಶಗಳನ್ನು ಬಿಟ್ಟರೆ, ನೀವು ಭಯಪಟ್ಟದ್ದೇ ಆಗುತ್ತದೆ.

ಆದರೆ ವಿಕಿರಣ ಮತ್ತು ಕಾರ್-ಟಿಯ ಈ ಜೋಡಣೆ ಇನ್ನೂ ಸಂಶೋಧನೆಯ ಹಂತದಲ್ಲಿದೆ. ಬೆಂಗಳೂರಿನ ಕಂಪನಿಯೊಂದು 2025ರಲ್ಲಿ ಹೊರತಂದ ಕಾರ್-ಟಿ ಚಿಕಿತ್ಸೆ ವಯಸ್ಕರ ಲಿಂಫೋಮಾಕ್ಕೆ (ಲಿಂಫೋಸೈಟುಗಳ ಕ್ಯಾನ್ಸರಿಗೆ) ಸಂಬಂಧಿಸಿದ್ದು, ನಿಮ್ಮ ಮಗುವಿನ ಗಡ್ಡೆಗಲ್ಲ. ಹಾಗಾಗಿ ಹೊಸದಕ್ಕಾಗಿ ಕಾಯುತ್ತಾ, ಶಸ್ತ್ರಚಿಕಿತ್ಸೆಯ ನಂತರ ವೈದ್ಯರು ಹೇಳಿರುವ ಕರೆಂಟನ್ನು ದಯವಿಟ್ಟು ತಪ್ಪಿಸಬೇಡಿ. ಯಾರಾದರೂ ಈ ಜೋಡಿ ಚಿಕಿತ್ಸೆಗೆಂದು ಹಣ ಕೇಳಿದರೆ, ಭಾರತದ ಕ್ಲಿನಿಕಲ್ ಪ್ರಯೋಗಗಳ ನೋಂದಣಿಯಲ್ಲಿ ಅದರ ಸಂಖ್ಯೆ ಯಾವುದೆಂದು ಮೊದಲು ಕೇಳಿ, ಅದನ್ನು ಬರೆದುಕೊಂಡು ನಿಮ್ಮ ವೈದ್ಯರಿಗೆ ತೋರಿಸಿ.