ಬಲೆ ಎತ್ತಿದ್ದಾಯ್ತು, ಬಿಡಿಸೋರು ಯಾರು?

ಇಲ್ಲಿ ನಾರ್ವೆಯಲ್ಲಿ ಬಲೆ ಕಳೆದುಕೊಂಡ ಮೀನುಗಾರ ಕೈಕೊಡವಿಕೊಂಡು ಮನೆಗೆ ಹೋಗುವಂತಿಲ್ಲ. ಮೊದಲು ತಾನೇ ಹುಡುಕಬೇಕು. ಸಿಗದಿದ್ದರೆ ಯಾವ ಜಾಗ, ಎಂಥ ಬಲೆ, ಎಷ್ಟು ಎಂದು ಕರಾವಳಿ ಕಾವಲು ಪಡೆಗೆ ತಿಳಿಸಬೇಕು. ಆ ವರದಿಗಳ ಜಾಡು ಹಿಡಿದು ಮೀನುಗಾರಿಕೆ ನಿರ್ದೇಶನಾಲಯ 1983ರಿಂದ ಹಡಗು ಕಳಿಸಿ ಸಮುದ್ರದ ತಳದಿಂದ ಬಲೆ ಎತ್ತಿಸುತ್ತಿದೆ.

ನಮ್ಮೂರು ಹಾಸನದ ಕಡೆಯವರು ಇದನ್ನು ಕೇಳಿದೊಡನೆ "ಅಷ್ಟು ಆಳಕ್ಕೆ ಯಾರಪ್ಪ ಮುಳುಗ್ತಾರೆ?" ಅನ್ನುತ್ತಾರೆ. ನೂರಾರು ಮೀಟರ್ ಆಳಕ್ಕೆ ಯಾರೂ ಮುಳುಗುವುದಿಲ್ಲ. ಭಾರದ ಕಬ್ಬಿಣಕ್ಕೆ ಸರಪಳಿ, ಕೊಕ್ಕೆ ಕಟ್ಟಿ ಉಕ್ಕಿನ ಹಗ್ಗದಲ್ಲಿ ತಳಕ್ಕಿಳಿಸಿ, ಹಡಗನ್ನು ನಿಧಾನವಾಗಿ ನಡೆಸುತ್ತಾರೆ. ಬಲೆ ಬಿದ್ದಿರುವ ಉದ್ದಕ್ಕೇ ಎಳೆದರೆ ಕೊಕ್ಕೆ ಪಕ್ಕದಲ್ಲೇ ಜಾರಿಹೋಗುತ್ತದೆ, ಅಡ್ಡಡ್ಡ ಹಾಯಬೇಕು. ಹಗ್ಗ ಬಿಗಿಯಾದರೆ ಏನೋ ಸಿಕ್ಕಿತು ಎಂದರ್ಥ, ಅದು ಬಂಡೆಯೂ ಇರಬಹುದು. ಮೇಲೆ ಬಂದ ಬಲೆಯಲ್ಲಿ ಸತ್ತ ಮೀನೂ ಇರುತ್ತದೆ, ಅದನ್ನು ತಿನ್ನಲು ಬಂದು ಸಿಕ್ಕಿಕೊಂಡ ಏಡಿಯೂ ಇರುತ್ತದೆ. ಯಾರೂ ಎತ್ತದ ಬಲೆ ಹೀಗೆ ತಾನೇ ಎರೆ ಹಾಕಿಕೊಂಡು ಹಿಡಿಯುತ್ತಲೇ ಇರುತ್ತದೆ.

ಮುಳುಗುಗಾರರ ಕೆಲಸವೇನಿದ್ದರೂ ಸುಮಾರು 30 ಮೀಟರ್ ಒಳಗೆ. ಬಂಡೆಗೆ ಸಿಕ್ಕಿದ್ದನ್ನು ಕತ್ತರಿಸಿ, ಸುರುಳಿ ಸುತ್ತಿ, ಗಾಳಿಚೀಲ ಕಟ್ಟಿ ಮೇಲೆ ಬಿಡುತ್ತಾರೆ. ಒಂದು ಲೀಟರ್ ಗಾಳಿ ಹೆಚ್ಚುಕಡಿಮೆ ಒಂದು ಕಿಲೋ ಎತ್ತುತ್ತದೆ. ಎಡವಟ್ಟಾಗುವುದು ಇಲ್ಲೇ. 30 ಮೀಟರಿನಲ್ಲಿ ತುಂಬಿದ 25 ಲೀಟರ್ ಗಾಳಿ 10 ಮೀಟರಿಗೆ ಬರುವಷ್ಟರಲ್ಲಿ ಹಿಗ್ಗಿ 50 ಲೀಟರ್ ಆಗುತ್ತದೆ. ಚೀಲ ನುಗ್ಗಿಕೊಂಡು ಏರಿ, ನೀರಿನ ಮೇಲೆ ಮಗುಚಿ, ಗಾಳಿ ಚೆಲ್ಲಿಕೊಂಡರೆ ಬಲೆಯ ಗಂಟು ಸೀದಾ ವಾಪಸ್ ಕೆಳಗೆ. ಅದಕ್ಕೇ ಏರುತ್ತಿರುವ ಚೀಲದ ಅಡಿಯಲ್ಲಿ ಯಾರೂ ಇರಬಾರದು. ಹವಳವೋ ಸ್ಪಂಜೋ ಬೆಳೆದು ತಳಕ್ಕೆ ಬೆಸೆದುಕೊಂಡ ಹಳೆಯ ಬಲೆಯನ್ನು ಪೂರ್ತಿ ಕೀಳುವುದಕ್ಕಿಂತ ಬಿಡಿಯಾದ ಭಾಗವನ್ನಷ್ಟೇ ಕತ್ತರಿಸಿ ತರುವುದು ಮೇಲು.

ಬಲೆ ಎತ್ತುವ ಫೋಟೊಗಳೆಲ್ಲ ಇಷ್ಟಕ್ಕೇ ಮುಗಿಯುತ್ತವೆ. ಬಲೆ ಮರುಬಳಕೆಗೋ ಒಲೆಗೋ ಎಂಬುದು ತೀರ್ಮಾನವಾಗುವುದು ದಡದ ಮೇಲೆ, ಚಾಕು ಹಿಡಿದು ಕೂತವರ ಕೈಯಲ್ಲಿ. ನೀರಿನಲ್ಲಿ ಗೋಡೆಯಂತೆ ನಿಲ್ಲಿಸುವ ಗಿಲ್‌ನೆಟ್ ಎಂಬ ಬಲೆಯ ಜಾಲ ನೈಲಾನ್, ಮೇಲಿನ ಹಗ್ಗ ಪಾಲಿಪ್ರೊಪಿಲೀನ್, ಕೆಳಗಿನ ಹಗ್ಗದ ಹೊಟ್ಟೆಯಲ್ಲಿ ಸೀಸ. ಬಲೆಗೆ ಬಳಸುವ ನೈಲಾನ್ 6 ಎಂಬ ಬಗೆ ಕರಗುವುದು ಸುಮಾರು 220 ಡಿಗ್ರಿಗೆ, ಪಾಲಿಪ್ರೊಪಿಲೀನ್ 165ಕ್ಕೆ, ಪಾಲಿಥೀನ್ 130ಕ್ಕೆ. ಒಟ್ಟಿಗೆ ಕರಗಿಸಿದರೆ ಒಂದಕ್ಕೊಂದು ಹೊಂದುವುದಿಲ್ಲ, ಮುಟ್ಟಿದರೆ ಮುರಿಯುವ ಸರಕಾಗುತ್ತದೆ. ಸೀಸ ಉಳಿದರಂತೂ ಇಡೀ ಲಾಟು ಕೆಟ್ಟಂತೆ. ಸಾಲ್ಮನ್ ಸಾಕುವ ಪಂಜರದ ಬಲೆಗೆ ಪಾಚಿ ಹಿಡಿಯದಂತೆ ತಾಮ್ರದ ಲೇಪ ಕೊಟ್ಟಿರುತ್ತಾರೆ. ಅದನ್ನೂ ತೊಳೆದು ತೆಗೆಯಬೇಕು. ಹೀಗೆ ಬಿಡಿಸಿದ ನೈಲಾನ್ 6 ಮಾತ್ರ ಸ್ಲೊವೇನಿಯಾದ ಲುಬ್ಲಿಯಾನಾದಲ್ಲಿರುವ ಅಕ್ವಾಫಿಲ್ ಎಂಬ ನೈಲಾನ್ ನೂಲಿನ ಕಂಪನಿಯ ಘಟಕದಂಥ ಕಡೆ ಒಡೆದು, ನೈಲಾನಿನ ಮೂಲವಸ್ತುವಾದ ಕ್ಯಾಪ್ರೊಲ್ಯಾಕ್ಟಮ್ ಆಗಿ, ಮತ್ತೆ ಹೊಸ ನೂಲಾಗುತ್ತದೆ. ಪಾಲಿಥೀನ್ ಬಲೆಯನ್ನು ಚೂರು ಮಾಡಿ, ತೊಳೆದು, ಕರಗಿಸಿ ಪ್ಲಾಸ್ಟಿಕ್ ಕಾಳು ಮಾಡುತ್ತಾರೆ.

ಯಾವುದು ಏನೆಂದು ತಿಳಿಯಲು ಬಕೆಟ್ ನೀರು ಸಾಕು. ಬೆರಳುದ್ದದ ತುಂಡು ಹಾಕಿ: ನೈಲಾನ್ ಮುಳುಗುತ್ತದೆ, ಪಾಲಿಥೀನ್, ಪಾಲಿಪ್ರೊಪಿಲೀನ್ ತೇಲುತ್ತವೆ. ಗಂಟಿನೊಳಗೆ ಗಾಳಿ ಸೇರಿಕೊಂಡರೆ ನೈಲಾನೂ ತೇಲಿ ಮೋಸ ಮಾಡುತ್ತದೆ. ಎರಡು ಹನಿ ಸೋಪು ಬಿಟ್ಟು, ನೀರಿನಡಿ ಹಿಸುಕಿ, ಮತ್ತೆ ನೋಡಬೇಕು. ಪಾಲಿಯೆಸ್ಟರ್ ಕೂಡ ಮುಳುಗುತ್ತದೆ, ಹಾಗಾಗಿ ಮುಳುಗಿದ್ದೆಲ್ಲ ನೈಲಾನ್ ಅಲ್ಲ.

ಊರಿನವರಿಗೆ ಇದರಲ್ಲಿ ಬೇಕಾದ್ದು ಹಡಗೂ ಅಲ್ಲ, ಗಾಳಿಚೀಲವೂ ಅಲ್ಲ. ಹೇಮಾವತಿ ಹಿನ್ನೀರಿನಲ್ಲಿ ಮುಳುಗಿದ ಮರದ ಮೋಟಿಗೆ ಸಿಕ್ಕಿದ ಬಲೆಯೂ ಅದೇ ನೈಲಾನ್. ಬೇಸಿಗೆಯಲ್ಲಿ ನೀರಿಳಿದು ಶೆಟ್ಟಿಹಳ್ಳಿ ಚರ್ಚಿನ ಸುತ್ತ ನೆಲ ಕಾಣುವ ಹೊತ್ತಿಗೆ ಕುಡುಗೋಲು, ದಪ್ಪ ಗ್ಲೌಸ್, ಗೋಣಿಚೀಲ ಇದ್ದರೆ ಆಯಿತು. ಕೆಸರಿನಲ್ಲಿ ಹೂತದ್ದನ್ನು ಜಗ್ಗಿದರೆ ಹರಿದು ತುಂಡು ಒಳಗೇ ಉಳಿಯುತ್ತದೆ, ಸುತ್ತ ಅಗೆದು ಬಿಡಿಸಿ. ಇನ್ನೂ ಬಳಕೆಯಲ್ಲಿರುವ ಬಲೆ ಯಾರದ್ದೋ ಹೊಟ್ಟೆಪಾಡು, ಅಲ್ಲಿನ ಮೀನುಗಾರರನ್ನು ಕೇಳದೆ ಮುಟ್ಟಬೇಡಿ. ಗುಡ್ಡೆ ಹಾಕಿ ಸುಡುವುದಂತೂ ಬೇಡ. ಸೀಸದ ಗುಂಡುಗಳನ್ನು ಅಲ್ಲೇ ಬಿಚ್ಚಿ ಬೇರೆ ಡಬ್ಬಿಗೆ ಹಾಕಿ, ಕೈ ತೊಳೆಯದೆ ಬುತ್ತಿ ಬಿಚ್ಚಬೇಡಿ. ಜಾಲ, ಹಗ್ಗ, ಬೆಂಡು ಬೇರೆಬೇರೆ ಚೀಲದಲ್ಲಿ ಕಟ್ಟಿ ಒಣಗಿಸಿಟ್ಟರೆ ಗುಜರಿಯವನ ಹತ್ತಿರ ಮಾತಾಡುವುದಕ್ಕೂ ಒಂದು ದಾರಿ ಇರುತ್ತದೆ. ಮಣ್ಣು ಮೆತ್ತಿದ ಒದ್ದೆ ಮುದ್ದೆಯನ್ನು ಅವನು ತೂಕಕ್ಕೂ ಇಡುವುದಿಲ್ಲ.